ನಿನ್ನ ಮುತ್ಯಾ ಕಟ್ಟದ ಗೋಡೆ

ಈರಬಸಪ್ಪ,

ಸತ್ತವನಿಗೆ ಟಪಾಲು ಮುಟ್ಟುವುದಿಲ್ಲ, ಗೊತ್ತು. ಆದರೂ ಇವತ್ತಿನ ಸುದ್ದಿ ನಿನಗೇ ಹೇಳಬೇಕು.

ನಮ್ಮಿಬ್ಬರ ಹೊಲದ ನಡುವಿನ ಕರಿಕಲ್ಲಿನ ಸಾಲು ನೋಡಲು ಧಾರವಾಡದ ಕಾಲೇಜಿನಿಂದ ಕಲ್ಲು-ಮಣ್ಣಿನ ಶಾಸ್ತ್ರ ಓದುವ ನೇತ್ರಾ ಎಂಬ ಹುಡುಗಿ ಬಂದಿದ್ದಳು. ಒಂದು ಕಾಲಕ್ಕೆ ಅದರ ಮೇಲೆ ಕೂತು ನಾವಿಬ್ಬರೂ ಒಂದೇ ಬುತ್ತಿ ಉಣ್ಣುತ್ತಿದ್ದೆವು. ಆಮೇಲೆ ನೀನು ಗುಡಿಯಲ್ಲಿ ವಿಭೂತಿ ಮುಟ್ಟಿ, "ಇದು ನಮ್ಮ ಮುತ್ಯಾ ಕಟ್ಟಿದ ಗ್ವಾಡಿ, ಇಲ್ಲೀತನಾ ಹೊಲ ನಮ್ದ" ಎಂದು ಅಜ್ಜನ ಹೆಸರು ಹೇಳಿ ಆಣೆ ಮಾಡಿದೆ. ಆಣೆಯ ಮುಂದೆ ಮಾತಿಲ್ಲವೆಂದು ಹಿರಿಯರು ನನ್ನ ಹೊಲದ ಅಂಚನ್ನು ನಿನಗೆ ಕೊಟ್ಟರು.

"ಯಾರು ಕಟ್ಟ್ಯಾರವ್ವಾ ಇದನ್ನ?" ಎಂದು ಹುಡುಗಿಯನ್ನು ಕೇಳಿದೆ.

"ಯಾರೂ ಕಟ್ಟಿಲ್ರಿ ಕಾಕಾ. ಭೂಮಿ ಸೀಳಿದಾಗ ಕರಗಿದ ಕಲ್ಲು ಕೆಳಗಿಂದ ಉಕ್ಕಿ ಬಂದು, ಆ ಸೀಳಿನ್ಯಾಗ ಆರಿ ಗಟ್ಟಿ ಆಗೇತ್ರಿ. ಬಾಜೂಕಿನ ಮೆತ್ತನ ಕಲ್ಲು ಮಳಿಗೆ ಸವದು ಹೋತು. ಇದು ನಿಂತೈತಿ."

ಮನುಷ್ಯ ಹುಟ್ಟುವ ಮೊದಲಿನ ಕಲ್ಲಂತೆ. ಆಗ ನಿನ್ನ ಮುತ್ಯಾ ಎಲ್ಲಿದ್ದನೋ? ಹಿರಿಯರನ್ನು ಕರೆಸಿ, ಅವರೆದುರು ಅವಳಿಂದ ಮತ್ತೊಮ್ಮೆ ಹೇಳಿಸಿದೆ. ನಿನ್ನ ಮಗ ಗೌರೀಶ ತಲೆ ತಗ್ಗಿಸಿದ. ಹಿರಿಯರು ಆ ಅಂಚನ್ನು ನನಗೆ ಮರಳಿಸಿದರು. ನನ್ನ ಹೊಟ್ಟೆ ತಣ್ಣಗಾಯಿತು.

ಗೆದ್ದ ನೆಲದಲ್ಲೇ ಹೂಳಬೇಕೆಂದು ಹಟ ಹಿಡಿದು ಆ ಸಾಲಿನ ಬುಡದಲ್ಲಿ ಮಲಗಿದ್ದೀಯಲ್ಲ, ಈಗ ನೋಡು. ಮಳೆ ಪ್ರತಿ ವರ್ಷ ನಿನ್ನ ಸಮಾಧಿಯ ಮಣ್ಣನ್ನು ಕೊಚ್ಚಿ ಒಯ್ಯುತ್ತಿದೆ. ಕಲ್ಲು ಮಾತ್ರ ಇನ್ನಷ್ಟು ಎದ್ದು ಕಾಣುತ್ತಿದೆ.

ಎಲ್ಲರೂ ಹೋದ ಮೇಲೆ ಎರಡು ಬುಟ್ಟಿ ಮಣ್ಣು ತಂದು ನಿನ್ನ ಮೇಲೆ ಸುರಿದೆ. ಕನಿಕರವೆಂದು ತಿಳಿಯಬೇಡ. ಅಲ್ಲಿ ತಗ್ಗು ಬಿದ್ದರೆ ನನ್ನ ಎತ್ತುಗಳು ಎಡವುತ್ತವೆ.