ಹಡಗು ಹತ್ತುವ ಮೊದಲು ಹೇಳದೇ ಉಳಿದ ಮಾತು

ಮಂಗಳೂರು, ಕದ್ರಿ ಗುಡ್ಡದ ದಕ್ಕೆ
ಕ್ರಿ.ಶ. ೨೨೧೪, ಆಟಿ ತಿಂಗಳ ಹದಿನೇಳು

ನನಗಿಂತ ನೂರ ತೊಂಬತ್ತು ವರ್ಷ ಹಿಂದೆ ಬದುಕುತ್ತಿರುವ ಹಿರಿಯರಿಗೆ ವಾರಿಜಳ ನಮಸ್ಕಾರಗಳು.

ಈ ತಾರೀಕನ್ನು ನೋಡಿ ಕಾಗದವನ್ನು ಬದಿಗಿಡಬೇಡಿರೆಂದು ಮೊದಲೇ ಬೇಡಿಕೊಳ್ಳುತ್ತೇನೆ. ನಮ್ಮಲ್ಲಿ ಎಪ್ಪತ್ತು ತುಂಬಿದವರಿಗೆ ಹಿಂದಿನ ಕಾಲಕ್ಕೆ ಒಂದೇ ಒಂದು ಕಾಗದ ಬರೆಯುವ ಹಕ್ಕು ಇದೆ. ಅದಕ್ಕೆ ಹಿನ್ನೋಲೆ ಎಂದು ಹೆಸರು. ಯಾವ ಹಿನ್ನೋಲೆಗೂ ಈವರೆಗೆ ಉತ್ತರ ಬಂದಿಲ್ಲ, ಆದ್ದರಿಂದ ಅದು ನಿಮಗೆ ತಲುಪುತ್ತದೆಯೋ ಇಲ್ಲವೋ ಹೇಳಲಾರೆ. ನನ್ನ ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಹೇಳಬೇಕಾದ ಸಂಗತಿಯಲ್ಲಿ ವಿಚಿತ್ರವೇನೂ ಇಲ್ಲ.

ಬಂದರು, ಬೋಳಾರ ಎಂದು ನೀವು ಕರೆಯುವ ಕೇರಿಗಳು ಈಗ ನೀರಿನಡಿ ಇವೆ. ಹಡಗುಗಳು ಕದ್ರಿ ಗುಡ್ಡದ ಬುಡಕ್ಕೇ ಬಂದು ಅಲ್ಲಿನ ದಕ್ಕೆಯಲ್ಲಿ, ಅಂದರೆ ಹಡಗುಕಟ್ಟೆಯಲ್ಲಿ, ನಿಲ್ಲುತ್ತವೆ. ವಿಮಾನಗಳಿಲ್ಲ. ದೂರದೇಶಕ್ಕೆ ಹೋಗಬೇಕೆಂದರೆ ಸುತ್ತುಹಡಗೊಂದೇ ದಾರಿ. ಗಾಳಿಯಿಂದಲೂ ಬಿಸಿಲಿನಿಂದಲೂ ನಡೆಯುವ ಅದು ನಲವತ್ತು ದಿನಗಳಲ್ಲಿ ಐದು ಬಂದರುಗಳನ್ನು ಮುಟ್ಟಿ ಮರಳುತ್ತದೆ. ಎಲ್ಲರಿಗೂ ಜಾಗ ಸಾಲದ್ದರಿಂದ ಒಂದು ಮನೆಗೆ ಜೀವಮಾನದಲ್ಲಿ ಒಂದು ಸಲ ಸರದಿ ಬರುತ್ತದೆ. ಹನ್ನೊಂದು ವರ್ಷಗಳ ಹಿಂದೆ ನಮ್ಮ ಮನೆಗೆ ಬಂತು.

ನನ್ನ ಗಂಡ ದೇಜಪ್ಪ ನೇತ್ರಾವತಿಯ ಉಬ್ಬರಬಾಗಿಲು ಕಾಯುತ್ತಿದ್ದವರು. ಸಮುದ್ರದ ನೀರು ಊರೊಳಗೆ ನುಗ್ಗದಂತೆ ದಿನಕ್ಕೆರಡು ಸಲ ಮುಚ್ಚಿ ತೆರೆಯುವ ದೊಡ್ಡ ಕಬ್ಬಿಣದ ಬಾಗಿಲು ಅದು. ಮೂವತ್ತು ವರ್ಷ ಉಪ್ಪುನೀರಿನಲ್ಲಿ ನಿಂತು ಅವರ ಕೈಬೆರಳ ಗಂಟುಗಳು ಊದಿಕೊಂಡಿದ್ದವು. ಅದಕ್ಕೆ ಬೆಳಗ್ಗೆ ಒಂದು ಮಾತ್ರೆ ನುಂಗುತ್ತಿದ್ದರು. ಅದು ನೋವನ್ನು ತಗ್ಗಿಸುವುದರ ಜೊತೆಗೆ ರೋಗದೊಡನೆ ಹೋರಾಡುವ ಮೈಯ ಶಕ್ತಿಯನ್ನೂ ತಗ್ಗಿಸುವಂಥ ಮಾತ್ರೆ.

ಪ್ರಯಾಣದ ಆಸೆ ಇದ್ದದ್ದು ನನಗೆ. ನನ್ನ ಅಕ್ಕ ಗುಲಾಬಿ, ಬೋಳಾರಕ್ಕೆ ನೀರು ನುಗ್ಗಿದ ವರ್ಷ ತನ್ನ ಗಂಡನ ಮನೆಯವರ ಜೊತೆ ಜಂಜಿಬಾರಿಗೆ ಹೋಗಿದ್ದಳು. ಮೂವತ್ತೊಂದು ವರ್ಷ ನಾವು ಮುಖ ನೋಡಿರಲಿಲ್ಲ. "ಕಣ್ಣು ಮಸುಕಾಗ್ತಾ ಉಂಟು ವಾರಿ. ಪೂರ್ತಿ ಹೋಗುವ ಮೊದಲು ನಿಮ್ಮನ್ನೊಮ್ಮೆ ನೋಡ್ಬೇಕು" ಎಂದು ಬರೆಸಿದ್ದಳು.

ಹಡಗಿನವರು ಲಸಿಕೆಗಳ ಪಟ್ಟಿ ಕಳಿಸಿದರು. ನಮ್ಮ ಜಗಲಿಯಲ್ಲಿ ಮೂರು ದಿನ ಅದೇ ಮಾತು. ಟೈಫಾಯ್ಡಿನದ್ದು ಬೇಕೇ, ಹೊರಗಿನ ಊಟ ಮಾಡುವುದರಿಂದ ಕಾಮಾಲೆಯದ್ದು ಬೇಕೇ, ಧನುರ್ವಾಯುವಿನದ್ದು ಕೊನೆಯ ಸಲ ಹಾಕಿಸಿದ್ದು ಯಾವಾಗ ಎಂದು ಇಬ್ಬರೂ ಲೆಕ್ಕ ಹಾಕಿದ್ದೇ ಹಾಕಿದ್ದು. ಇವೆಲ್ಲ ನಮ್ಮ ಇಷ್ಟಕ್ಕೆ ಬಿಟ್ಟವು. "ಇಷ್ಟು ಕಡೆ ಚುಚ್ಚಿಸಿಕೊಂಡ್ರೆ ಕುಡಿದ ನೀರು ಸೋರಿ ಹೋದೀತು ಮಾರಾಯ್ತಿ" ಎಂದು ಅವರು ನಗಾಡಿದರು.

ಕೊನೆಯದು ಮಾತ್ರ ಕಡ್ಡಾಯ. ಜಂಜಿಬಾರಿನಲ್ಲಿ ಆಗ ಕಂದುಜ್ವರವಿತ್ತು. ಅದು ಸೊಳ್ಳೆಯಿಂದ ಹರಡಿ ಪಿತ್ತಜನಕಾಂಗವನ್ನು ಕೆಡಿಸುವ ಜ್ವರ. ಅದರ ಲಸಿಕೆ ಹಾಕಿಸಿದ ಚೀಟಿಯಿಲ್ಲದವರನ್ನು ದಡಕ್ಕೆ ಇಳಿಸುತ್ತಿರಲಿಲ್ಲ. ಸಣ್ಣ ಅಕ್ಷರ ಅವರಿಗೆ ಕಾಣದ್ದರಿಂದ ವಿವರದ ಹಾಳೆಯನ್ನು ನಾನೇ ಓದಿ ಹೇಳುತ್ತಿದ್ದೆ. ಆ ಲಸಿಕೆಯಲ್ಲಿ ಜೀವಂತ ರೋಗಾಣುಗಳನ್ನೇ ಬಲ ಕುಂದಿಸಿ ಇಟ್ಟಿರುತ್ತಾರೆ, ಮೈಯ ಶಕ್ತಿ ತಗ್ಗಿಸುವ ಔಷಧ ತೆಗೆದುಕೊಳ್ಳುವವರು ಅದನ್ನು ಹಾಕಿಸಬಾರದು ಎಂದಿತ್ತು. ಓದಿ ನಿಲ್ಲಿಸಿದೆ.

"ಹಾಗಾದ್ರೆ ನನ್ನ ಮಾತ್ರೆಯ ವಿಷಯ ಹೇಳ್ಬೇಕಲ್ಲ" ಎಂದರು.

"ಹೇಳಿದ್ರೆ ಚುಚ್ಚುದಿಲ್ಲ. ಚುಚ್ಚದಿದ್ರೆ ಇಳೀಲಿಕ್ಕೆ ಬಿಡುದಿಲ್ಲ. ಅಷ್ಟು ದೂರ ಹೋಗಿ ನೀವು ಹಡಗಿನಲ್ಲೇ ಕೂತಿರ್ತೀರಾ? ನಾಲ್ಕು ದಿನ ಮಾತ್ರೆ ನಿಲ್ಲಿಸಿ, ಸಾಕು" ಎಂದೆ. ನಾಲ್ಕು ದಿನ ಸಾಕೆಂದು ನನಗೆ ಯಾರೂ ಹೇಳಿರಲಿಲ್ಲ.

ಅವರು ಬೆರಳ ಗಂಟುಗಳನ್ನು ತಿಕ್ಕಿಕೊಂಡರು. "ಆಯ್ತು. ನಿನ್ನ ಅಕ್ಕನ್ನ ನೋಡ್ಲಿಕ್ಕೆ ಅಲ್ವಾ" ಎಂದರು.

ನಿಮ್ಮ ಕಾಲದಲ್ಲಿ ಆಸ್ಪತ್ರೆಯವರು ಹಳೆಯ ದಾಖಲೆ ತೆಗೆದು ನೋಡುತ್ತಿದ್ದರಂತೆ. ಒಬ್ಬರ ಮೈಯ ಸುದ್ದಿ ಅವರ ಬಾಯಿಂದಲೇ ಬರಬೇಕೆಂಬುದು ನಮ್ಮ ಕಾನೂನು. ಕೇಳಬಹುದು, ಹುಡುಕುವ ಹಾಗಿಲ್ಲ. ದಕ್ಕೆಯ ಲಸಿಕೆಕಟ್ಟೆಯಲ್ಲಿ ಇದ್ದವರು ನರ್ಸ್ ಸೆಲೆಸ್ಟಿನ್ ಬಾಯಮ್ಮ. ಅವರು ಕನ್ನಡಕ ಸರಿಮಾಡಿಕೊಂಡು, "ದಿನಾ ತಗೊಳ್ಳುವ ಮಾತ್ರೆ ಏನಾದ್ರೂ ಉಂಟಾ ದೇಜಪ್ಪಣ್ಣ?" ಎಂದು ಕೇಳಿದರು. ಇವರು ನನ್ನ ಮುಖ ನೋಡಿದರು. "ಗಂಟುನೋವಿಗೆ ಎಣ್ಣೆ ಹಚ್ಚಿಕೊಳ್ತಾರೆ, ಅಷ್ಟೆ" ಎಂದು ನಾನೇ ಹೇಳಿದೆ. ಬಾಯಮ್ಮ ಬರೆಯುವುದನ್ನು ನಿಲ್ಲಿಸಿ ಇವರ ಬೆರಳುಗಳನ್ನು ನೋಡಿದರು. "ಬೇರೆ ಎಂತದೂ ಇಲ್ಲ ಅಲ್ವಾ?" ಎಂದು ಇನ್ನೊಮ್ಮೆ ಕೇಳಿದರು. ಈ ಸಲ ಇವರು, "ಇಲ್ಲ ಬಾಯಮ್ಮ" ಎಂದರು.

ಬಾಯಮ್ಮ ಲಸಿಕೆ ಚುಚ್ಚಿ ಚೀಟಿ ಕೊಟ್ಟರು. ಹಡಗು ಹೊರಡಲು ಇನ್ನೂ ಹದಿನೈದು ದಿನ ಇತ್ತು. ನಾಲ್ಕನೇ ದಿನ ಜ್ವರ ಬಂತು. ಲಸಿಕೆ ಹಾಕಿದ ಮೇಲೆ ಎಲ್ಲರಿಗೂ ಸ್ವಲ್ಪ ಬರುತ್ತದೆ ಎಂದು ಗಂಜಿ ಕಾಯಿಸಿ ಕೊಟ್ಟೆ. ಮುಂದಿನ ಎರಡು ದಿನ ಅವರು ಅದನ್ನೂ ಕುಡಿಯಲಿಲ್ಲ. ಕಣ್ಣು ಹಳದಿಯಾದಾಗ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಅದೇ ಪ್ರಶ್ನೆ ಕೇಳಿದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಇನ್ನೂ ಒಂಬತ್ತು ದಿನ ಇದೆ, ಅಷ್ಟರಲ್ಲಿ ಗುಣವಾದರೆ ಹಡಗು ಹತ್ತಬಹುದು ಎಂದು ಮನಸ್ಸಿನಲ್ಲಿ ಎಣಿಸುತ್ತಿದ್ದೆ. ನಾನು ಎಣಿಸಿದ್ದನ್ನು ಹೀಗೆ ಬರೆಯುವುದಕ್ಕೆ ಹನ್ನೊಂದು ವರ್ಷ ಬೇಕಾಯಿತು.

ಮರುದಿನ ಮಧ್ಯಾಹ್ನ ಅವರೇ ಹೇಳಿದರು. "ನಾನು ದಿನಾ ಒಂದು ಮಾತ್ರೆ ನುಂಗ್ತಿದ್ದೆ ಡಾಕ್ಟ್ರೇ. ಹೇಳ್ಲಿಕ್ಕೆ ಮರೆತುಹೋಯ್ತು." ಡಾಕ್ಟರು ನನ್ನ ಕಡೆ ತಿರುಗಿದಾಗ ಅವರು, "ಅವಳಿಗೆ ಗೊತ್ತಿಲ್ಲ" ಎಂದೂ ಸೇರಿಸಿದರು. ನಾನು ಮಂಚದ ಕಾಲಬುಡದಲ್ಲಿ ನಿಂತಿದ್ದೆ. ಬಾಗಿ ಅವರ ಹೊದಿಕೆ ಸರಿಮಾಡಿದೆ.

ಹನ್ನೊಂದನೆಯ ದಿನ ಬೆಳಗ್ಗೆ ಅವರು ಹೋದರು.

ಉತ್ತರಕ್ರಿಯೆಯ ಬೊಜ್ಜ ಕಳೆದು ಎರಡು ದಿನಕ್ಕೆ ಸೆಲೆಸ್ಟಿನ್ ಬಾಯಮ್ಮ ಮನೆಗೆ ಬಂದರು. ಜಗಲಿಯ ತುದಿಯಲ್ಲಿ ಕೂತು ಅತ್ತರು. "ಒಂದು ಮಾತು ಹೇಳಿದ್ರೆ ನಾನು ಚುಚ್ಚದೆ ಡಾಕ್ಟ್ರ ಹತ್ರ ಬೇರೆ ಚೀಟಿ ಬರೆಸಿ ಕೊಡ್ತಿದ್ದೆ ವಾರಿಜಕ್ಕ. ಆ ಬಂದರಿನವರು ಅದನ್ನು ಒಪ್ತಾರೆ. ಉದ್ದ ತೋಳಿನ ಅಂಗಿ ಹಾಕ್ಬೇಕು, ಸೊಳ್ಳೆಪರದೆ ಒಳಗೆ ಮಲಗ್ಬೇಕು, ಅಷ್ಟೆ. ಇಳೀಲಿಕ್ಕೆ ಬಿಡ್ತಿದ್ರು" ಎಂದರು. ಆಮೇಲೆ, "ನಾನು ಸರಿಯಾಗಿ ಕೇಳ್ಳಿಲ್ವೋ ಏನೋ" ಎಂದರು. ನಾನು ಒಳಗೆ ಹೋಗಿ ಚಾ ತಂದು ಕೊಟ್ಟೆ. ಮೂರು ತಿಂಗಳಲ್ಲಿ ಅವರು ಕೆಲಸ ಬಿಟ್ಟರೆಂದು ಕೇಳಿದೆ. ಕೇಳುವ ರೀತಿ ತನಗೆ ಬರುವುದಿಲ್ಲವೆಂದು ಬರೆದುಕೊಟ್ಟು ಬಿಟ್ಟರಂತೆ.

ಸಾವಾದ ಮನೆಯ ಸರದಿಯನ್ನು ಒಂದು ವರ್ಷ ಕಾದಿಡುತ್ತಾರೆ. ಮರುವರ್ಷ ನಾನೊಬ್ಬಳೇ ಹೋದೆ. ನನಗೆ ಲಸಿಕೆ ಏನೂ ಮಾಡಲಿಲ್ಲ, ಬದಲಿಗೆ ಕಾಪಾಡಿತು. ಆ ವರ್ಷ ಕಂದುಜ್ವರ ಇನ್ನೂ ಜೋರಾಗಿತ್ತು, ನಮ್ಮ ಹಡಗಿನ ಒಬ್ಬರಿಗೂ ತಾಗಲಿಲ್ಲ. ಅಕ್ಕನ ಕಣ್ಣು ಅಷ್ಟರಲ್ಲಿ ಪೂರ್ತಿ ಹೋಗಿತ್ತು. ನನ್ನ ಮುಖವನ್ನು ಎರಡೂ ಕೈಯಲ್ಲಿ ಸವರುತ್ತ, "ಭಾವ ಹೇಗೆ ಹೋದ್ರು?" ಎಂದು ಕೇಳಿದಳು. ಅವಳಿಗೆ ಎಲ್ಲವನ್ನೂ ಹೇಳಿದೆ. ಅಕ್ಕ ಕೈ ತೆಗೆದಳು. "ನಿಮ್ಮನ್ನು ನೋಡ್ಬೇಕು ಅಂತ ಬರೆಸಿದ್ದೆ ವಾರಿ. ನಿನ್ನೊಬ್ಬಳನ್ನು ಅಂತ ಬರೆಸಿರ್ಲಿಲ್ಲ" ಎಂದಳು. ನಾನಿದ್ದ ನಾಲ್ಕು ದಿನವೂ ಊಟಕ್ಕೆ ಕರೆದಳು, ಪಕ್ಕದಲ್ಲೇ ಮಲಗಿಸಿಕೊಂಡಳು. ಮುಖ ಮಾತ್ರ ಮತ್ತೆ ಮುಟ್ಟಲಿಲ್ಲ.

ಹಿರಿಯರೇ, ನೀವೂ ಹಡಗು ಹತ್ತುವವರಿರಬಹುದು. ಲಸಿಕೆಯನ್ನು ದೂರಬೇಡಿ, ತಪ್ಪು ಅದರದ್ದಲ್ಲ. ಯಾವುದು ಬೇಕು, ಯಾವುದು ಬೇಡ ಎಂದು ಜಗಲಿಯಲ್ಲಿ ಕೂತು ತೀರ್ಮಾನಿಸಬೇಡಿ. ಆ ಕುರ್ಚಿಯಲ್ಲಿ ಕೂತಾಗ ನುಂಗುವ ಮಾತ್ರೆ, ಹಳೆಯ ಕಾಯಿಲೆ, ಬಸಿರು, ಎಲ್ಲವನ್ನೂ ಹೇಳಿ. ಪಕ್ಕದಲ್ಲಿ ಕೂತವರು ನಿಮ್ಮ ಪರವಾಗಿ ಉತ್ತರ ಕೊಟ್ಟರೆ ಅವರನ್ನು ತಡೆಯಿರಿ, ಅವರು ಎಷ್ಟು ಪ್ರೀತಿಯವರಾದರೂ.

ಸೆಲೆಸ್ಟಿನ್ ಬಾಯಮ್ಮನಿಗೆ ಈಗ ಎಂಬತ್ತು ದಾಟಿದೆ. ಗುಡ್ಡದ ಆಚೆ ಬದಿಯಲ್ಲಿ ಮಗಳ ಜೊತೆ ಇದ್ದಾರೆ. ಅವರು ಸರಿಯಾಗಿಯೇ ಕೇಳಿದ್ದರು, ಎರಡೆರಡು ಸಲ ಕೇಳಿದ್ದರು. ಅದನ್ನು ಅವರಿಗೆ ಹೇಳಬೇಕಾದವಳು ನಾನು. ಈ ಓಲೆಯನ್ನು ಪೆಟ್ಟಿಗೆಗೆ ಹಾಕಿ ನೇರ ಅವರ ಮನೆಗೇ ಹೋಗುತ್ತೇನೆ. ಬಾಗಿಲು ತೆರೆದ ಮೇಲೆ ಬಾಯಿ ಕಟ್ಟಿಹೋದರೆ ಎಂಬ ಹೆದರಿಕೆ ಇದೆ. ಅದಕ್ಕೇ ಮೊದಲು ನಿಮ್ಮೆದುರು ಹೇಳಿ ನೋಡಿದೆ.

ಬರುತ್ತೇನೆ.

ವಾರಿಜ