ಚಿಲಕ ಹಾಕದ ಊರು

ಚರ್ಚಿಲ್,
ಮಾರ್ಚ್ ೯

ಪ್ರೀತಿಯ ಲಿಯೋನಾ,

ಹೇಗಿದ್ದೀಯ ಮಗಳೇ? ಕಾಗದ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಹಿಮದ ಬಿರುಗಾಳಿಗೆ ಹಳಿ ಮುಚ್ಚಿಹೋಗಿ ವಿನಿಪೆಗ್ ರೈಲು ನಿಂತಿತ್ತು ಎಂದು ನೆಪ ಹೇಳಬಹುದು. ನಿಜವೆಂದರೆ, ಬರೆದದ್ದನ್ನೆಲ್ಲ ಹರಿದು ಒಲೆಗೆ ಹಾಕಿದೆ. ಫೋನನ್ನಂತೂ ನೀನು ಎತ್ತುವುದಿಲ್ಲ. ಕಾಗದವನ್ನಾದರೂ ಒಡೆದು ಓದುತ್ತೀಯೇನೋ ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ಇಲ್ಲಿ ಕೆಲಸಕ್ಕೇನೂ ಬರವಿಲ್ಲ. ಬಾಡಿಗೆಗೆ ಕೊಡುವ ಕೋಣೆಗಳೆಲ್ಲ ತುಂಬಿವೆ, ಆಕಾಶದ ಹಸಿರು ಬೆಳಕು ನೋಡಲು ಬಂದವರು. ಮೊನ್ನೆ ಟೊರಾಂಟೋದ ಮಹಾಶಯನೊಬ್ಬ, "ಅಮ್ಮಾ, ಆ ಬೆಳಕು ಎಷ್ಟು ಗಂಟೆಗೆ ಹಾಕ್ತಾರೆ?" ಎಂದು ಕೇಳಿದ. "ನನ್ನ ಪಾತ್ರೆ ತೊಳೆಯೋದು ಮುಗೀಲಿ, ಹಾಕ್ತೀನಿ. ಕೂತ್ಕೊಳಪ್ಪಾ" ಎಂದೆ. ಮೊದಲಾಗಿದ್ದರೆ ನಿಮ್ಮಪ್ಪ ಬಿದ್ದು ಬಿದ್ದು ನಗುತ್ತಿದ್ದ. ಈಗ ಬಾಗಿಲ ಪಕ್ಕದ ಕುರ್ಚಿಯಿಂದ ತಲೆ ಕೂಡ ತಿರುಗಿಸಲಿಲ್ಲ.

ಅಕ್ಟೋಬರಿನ ಆ ಸಂಜೆಯ ಮಾತನ್ನು ನಾವಿಬ್ಬರೂ ಇದುವರೆಗೆ ಎತ್ತಿಲ್ಲ. ಇನ್ನು ಎತ್ತದೆ ವಿಧಿಯಿಲ್ಲ. ಬಿಳಿ ಕರಡಿ ತೋರಿಸಲು ನೀನು ನಗರದ ಗೆಳತಿಯರನ್ನು ಕರೆದುಕೊಂಡು ಬಂದಿದ್ದೆ. ಊಟದ ಮೇಜಿನಲ್ಲಿ ಕೂತು ಅವರಿಗೆ ಜಂಬದಿಂದ ಹೇಳಿದವಳೂ ನೀನೇ: "ನಮ್ಮೂರಲ್ಲಿ ಯಾರೂ ಚಿಲಕ ಹಾಕಲ್ಲ ಕಣ್ರೇ. ಕರಡಿ ಅಟ್ಟಿಸ್ಕೊಂಡು ಬಂದ್ರೆ ಯಾರ ಮನೆಗೆ ಬೇಕಾದ್ರೂ ನುಗ್ಬಹುದು. ಅಕ್ಷರಕ್ಕಿಂತ ಮುಂಚೆ ನಮಗೆ ಕಲ್ಸೋದೇ ಇದು." ಆಮೇಲೆ ಎದ್ದು ಕೋಣೆಗೆ ಹೋಗುವಾಗ ನಿನ್ನ ಕೈ ತಾನಾಗಿಯೇ ಮುಂಬಾಗಿಲ ಚಿಲಕ ಎಳೆಯಿತು. ಇಷ್ಟು ವರ್ಷ ನಗರದಲ್ಲಿ ದಿನಾ ಸಂಜೆ ಮಾಡಿದ ಕೆಲಸ. ಕೈಗೆ ಇದು ಯಾವ ಊರೆಂದು ಗೊತ್ತಾಗಲಿಲ್ಲ.

ನಿಮ್ಮಪ್ಪ ಪಕ್ಕದ ಎಲೈಜಾ ಅಜ್ಜಿಗೆ ಸಾರು ಕೊಟ್ಟು ಬರುತ್ತಿದ್ದ. ಕರಡಿ ಬೆನ್ನಿಗೆ ಬಿತ್ತು. ಓಡಿ ಬಂದು ನಮ್ಮ ಬಾಗಿಲ ಹಿಡಿ ತಿರುಗಿಸಿದ, ಬಾಗಿಲು ತೆರೆಯಲಿಲ್ಲ. ನಾನು ಹಾರಿ ಬಂದು ಚಿಲಕ ತೆಗೆಯುವಷ್ಟರಲ್ಲಿ ಅಜ್ಜಿಯ ಮಗ ಗುಂಡು ಹಾರಿಸಿ ಕರಡಿಯನ್ನು ಓಡಿಸಿದ್ದ. ಆದರೆ ನಿಮ್ಮಪ್ಪನ ಎಡಗೈ ಹೋಗಿತ್ತು.

ಊರವರು ಕೇಳಿದರೆ ಅವನು ಏನೆಂದ ಗೊತ್ತೇ? "ಚಳಿಗೆ ಬಾಗಿಲು ಬಿಗಿದ್ಕೊಂಡಿತ್ತು. ಎಣ್ಣೆ ಬಿಡಬೇಕಾದವ್ನು ನಾನೇ, ಶುದ್ಧ ಸೋಮಾರಿ." ಊರೆಲ್ಲ ನಂಬಿ ತಮ್ಮ ತಮ್ಮ ಬಾಗಿಲಿಗೆ ಎಣ್ಣೆ ಬಿಟ್ಟಿತು. ಎಲೈಜಾ ಅಜ್ಜಿಯಂತೂ ಬಾತುಕೋಳಿಯ ಕೊಬ್ಬು ಬಳಿದಿದ್ದಾಳೆ, ಅವಳ ಬಾಗಿಲು ಈಗ ಯಾರಾದರೂ ಸೀನಿದರೂ ತೆರೆದುಕೊಳ್ಳುತ್ತದೆ. ಅವನನ್ನು ವಿನಿಪೆಗ್ಗಿಗೆ ಒಯ್ದ ವಿಮಾನದಲ್ಲಿ ನಾನಿದ್ದೆ. ನೀನು ಆಮೇಲೆ ರೈಲು ಹತ್ತಿ ಅದೇ ನಗರಕ್ಕೆ ಹೋದವಳು ಆಸ್ಪತ್ರೆಯ ಕಡೆ ಸುಳಿಯಲಿಲ್ಲ. ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಅವನೇ ತಡೆದ: "ಹುಡುಗೀನ ಬೈಬೇಡ ಡಾರ್ಕಸ್. ನನಗೆ ಕೈ ಒಂದೇ ನೋಯ್ತಿದೆ. ಅವಳಿಗೆ ಎಲ್ಲಾ ನೋಯ್ತಿರುತ್ತೆ."

ಫೆಬ್ರವರಿಯಲ್ಲಿ ಕೃತಕ ಕೈ ಹಾಕಿಸಿಕೊಂಡು, ನಿನ್ನನ್ನೂ ನೋಡಿ ಬರಲು ವಿನಿಪೆಗ್ಗಿಗೆ ಒಬ್ಬನೇ ಹೊರಟ. "ನೀನು ಬಂದ್ರೆ ಅವಳು ಅಳ್ತಾಳೆ. ನಾನೊಬ್ನೇ ಹೋದ್ರೆ ನಗ್ತಾಳೆ" ಎಂದ. ಹೊರಡುವ ಮುನ್ನ ಕನ್ನಡಿಯ ಮುಂದೆ ನಿಂತು ನಿನಗೆ ಹೇಳಬೇಕಾದ ತಮಾಷೆಯನ್ನು ಅಭ್ಯಾಸ ಮಾಡುತ್ತಿದ್ದ: "ನೋಡೇ ಲಿಯೋನಾ, ಇನ್ಮೇಲೆ ಪಾತ್ರೆ ತೊಳೆಯೋದ್ರಲ್ಲಿ ನನಗೆ ಅರ್ಧ ಮಾಫಿ!" ನಾನು ಅಡುಗೆಮನೆಯಿಂದ ಕೇಳಿಯೂ ಕೇಳದವಳಂತೆ ಇದ್ದೆ.

ತಿರುಗಿ ಬಂದವನು ಬೇರೆಯೇ ಮನುಷ್ಯ. ಮಗಳು ಸಿಕ್ಕಳೇ ಎಂದರೆ, "ಮನೇಲಿರ್ಲಿಲ್ಲ. ಕೆಲಸ ಇರುತ್ತಲ್ಲ ಪಾಪ" ಎಂದ. ನಗರ ಹೇಗಿತ್ತು, ಹೆಪ್ಪುಗಟ್ಟಿದ ನದಿಯ ಮೇಲೆ ಜನ ಜಾರುವುದನ್ನು ನೋಡಿದೆಯಾ ಎಂದರೆ, "ಊರ ತುಂಬಾ ಬಾಗಿಲು, ಡಾರ್ಕಸ್. ಎಲ್ಲಾ ಗುಂಡಿ ಒತ್ತೋ ಬಾಗಿಲು" ಎಂದ, ಅಷ್ಟೇ. ಹೊಸ ಕೈ ಪೆಟ್ಟಿಗೆಯೊಳಗೇ ಮಂಚದ ಕೆಳಗಿದೆ. ಊಟಕ್ಕೆ ಎಬ್ಬಿಸಿದರೆ ಎರಡು ತುತ್ತು ತಿಂದು ತಟ್ಟೆ ಸರಿಸುತ್ತಾನೆ. ರೈಲಿನ ಕೂಗು ಕೇಳಿದಾಗ ಮಾತ್ರ ಏಳುತ್ತಾನೆ. ಬಾಗಿಲ ಹಿಡಿ ತಿರುಗಿಸಿ, ತೆರೆಯುತ್ತದೆಯೇ ಎಂದು ನೋಡಿ, ಮತ್ತೆ ಕೂರುತ್ತಾನೆ.

ನನಗೆ ಭಯವಾಗುತ್ತಿದೆ ಲಿಯೋನಾ. ಕರಡಿಯೇ ಬಿಟ್ಟು ಹೋದವನನ್ನು ಈ ಕುರ್ಚಿ ತಿಂದುಹಾಕುತ್ತಿದೆ. ನಿನ್ನನ್ನು ಬಿಟ್ಟರೆ ಅವನನ್ನು ಎಬ್ಬಿಸುವವರು ಯಾರೂ ಇಲ್ಲ. ಒಂದು ಸಲ ಬಾ. ಈಗ ಆಗದಿದ್ದರೆ ಬೇಸಿಗೆಯಲ್ಲಿ, ಬಿಳಿ ತಿಮಿಂಗಿಲಗಳು ನದಿ ಸಮುದ್ರ ಸೇರುವಲ್ಲಿಗೆ ಬರುವಾಗಲಾದರೂ ಬಾ. ಅದೂ ಆಗದಿದ್ದರೆ ಫೋನಿನಲ್ಲಿ "ಅಪ್ಪಾ" ಅನ್ನು, ಸಾಕು. ಕಾಲಿಗೆ ಬೀಳು ಎಂದರೆ ಬೀಳುತ್ತೇನೆ. ಹೆತ್ತವಳಿಗೆ ಮಾನ ಮರ್ಯಾದೆ ಎಂಥದು?

ಇದರ ಜೊತೆ ಒಣಮಾಂಸ, ಕೈಗವಸು ಕಳಿಸುತ್ತಿದ್ದೇನೆ. ಎಲೈಜಾ ಅಜ್ಜಿ ನಿನಗೆ ಹೇಳಲೇಬೇಕೆಂದಳು: "ನನ್ನ ಬಾಯಲ್ಲಿ ಹಲ್ಲಿರೋವಾಗ್ಲೇ ಬಾ ಅನ್ನು. ಆಮೇಲೆ ಬೈದ್ರೂ ಅವಳಿಗೆ ತಿಳಿಯಲ್ಲ." ದೇವರು ನಿನ್ನನ್ನು ಬೆಚ್ಚಗಿಟ್ಟಿರಲಿ, ಮಗಳೇ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ,
ಡಾರ್ಕಸ್

ಮರೆತ ಮಾತು: ಲಕೋಟೆ ಅಂಟಿಸುವ ಮುಂಚೆ ನಿಮ್ಮಪ್ಪನನ್ನು ಕೇಳಿದೆ, "ನಿನ್ನ ಕಡೆಯಿಂದ ಏನು ಬರೀಲಿ?" ಎಂದು. ಅವನು ಹೇಳಿದ: "ಅವಳು ಮನೇಲೇ ಇದ್ಲು. ಗುಂಡಿ ಒತ್ತಿದೆ. ಬಾಗಿಲ ಪಕ್ಕದ ಡಬ್ಬಿಯೊಳಗಿಂದ 'ಯಾರು' ಅಂದ್ಲು. 'ನಾನು ಕಣೇ, ಅಪ್ಪ' ಅಂದೆ. ಆಮೇಲೆ ಸದ್ದೇ ಇಲ್ಲ. ಕತ್ತಲಾಗೋವರೆಗೂ ಬೀದೀಲಿ ನಿಂತಿದ್ದೆ. ಕಿಟಕೀಲಿ ದೀಪ ಉರೀತಿತ್ತು, ನನ್ನನ್ನೇ ನೋಡ್ತಾ ನಿಂತಿದ್ಲು. ಕೈ ಬೀಸಿದೆ. ಪರದೆ ಎಳ್ಕೊಂಡ್ಲು. ಇದನ್ನ ಬರೀಬೇಡ ಡಾರ್ಕಸ್, ಪಾಪ, ನೊಂದ್ಕೋತಾಳೆ."

ಬರೆದಿದ್ದೇನೆ. ನಮ್ಮ ಮನೆಯ ಚಿಲಕವನ್ನು ನಿನ್ನ ಕೈ ಮರೆತು ಹಾಕಿತು. ಅದಕ್ಕೆ ಅವನೊಂದು ಸುಳ್ಳು ಹುಡುಕಿದ, ಊರು ನಂಬಿತು. ನಿನ್ನ ಬಾಗಿಲಿಗೆ ನಾನು ಯಾವ ಸುಳ್ಳು ಹುಡುಕಲಿ, ಲಿಯೋನಾ?