ಧನ್ಯಶ್ರೀಯ ಹಣೆ

ಜೂನ್ ೧೦, ಸೋಮವಾರ

ನಿದ್ದೆ ಬರುತ್ತಿಲ್ಲ. ನನ್ನ ಹೆಬ್ಬೆರಳನ್ನೇ ನೋಡುತ್ತ ಕೂತಿದ್ದೇನೆ.

ನಿನ್ನೆ ತಿಪಟೂರಿನ ಚರ್ಚಿನಲ್ಲಿ ಪೂಜೆಯ ಹೊತ್ತಿನಲ್ಲಿ ಫಾದರ್ ಹೇಳಿದರು, ಯೇಸುವಿನ ಶುಭಸಂದೇಶ ಸಾರುವುದು ಗುರುಗಳ ಕೆಲಸ ಮಾತ್ರವಲ್ಲ, ದೀಕ್ಷಾಸ್ನಾನ ಪಡೆದ ಎಲ್ಲರದೂ ಅಂತ. ಹೇಳುವುದು ಸುಲಭ. ಎಲ್ಲೋ ಮತಾಂತರದ ಗಲಾಟೆ ಎಂದು ಪೇಪರಿನಲ್ಲಿ ಬಂದರೂ ನಾನು ಕೊರಳಿನ ಶಿಲುಬೆಯನ್ನು ಸೆರಗಿನೊಳಗೆ ಸೇರಿಸುತ್ತೇನೆ. ಆ ಹಳ್ಳಿಯ ಅಂಗನವಾಡಿಗೆ ಟೀಚರಾಗಿ ಸೇರಿದಾಗಿನಿಂದ ಅಲ್ಲಿ ಯೇಸುವಿನ ಹೆಸರು ಎತ್ತಿದವಳಲ್ಲ.

ಬಾಯಿ ಸುಮ್ಮನಿದ್ದರೂ ಇವತ್ತು ಕೈ ಸುಮ್ಮನಿರಲಿಲ್ಲ. ಊಟವಾದ ಮೇಲೆ ಮಕ್ಕಳನ್ನು ಮಲಗಿಸುತ್ತಿದ್ದೆ. ಧನ್ಯಶ್ರೀ ಕಣ್ಣು ಮುಚ್ಚಿದಳು. ಮನೆಯಲ್ಲಿ ನನ್ನ ಮಕ್ಕಳಿಗೆ ಮಾಡುವ ಹಾಗೆ ಅವಳ ಹಣೆಗೂ ಹೆಬ್ಬೆರಳಿನಿಂದ ಶಿಲುಬೆ ಗುರುತು ಹಾಕಿಬಿಟ್ಟೆ. ತಲೆ ಎತ್ತಿದರೆ ಬಾಗಿಲಲ್ಲಿ ಅವಳ ಅಜ್ಜಿ ತಿಮ್ಮಕ್ಕ! ಮಗುವನ್ನು ಹೆಗಲಿಗೆ ಹಾಕಿಕೊಂಡು ಹೋದರು.

ಯಾರಿಗೆ ಹೇಳುತ್ತಾರೋ? ಮಗನಿಗೆ ಹೇಳಿ, ಅವನು ನಮ್ಮ ಸೂಪರ್‌ವೈಸರ್‌ಗೆ ಫೋನು ಮಾಡಿದರೆ? ಸಂಜೆಯವರೆಗೂ ಅದೇ ಯೋಚನೆ.

ಬಸ್ಸಿಗೆ ನಿಂತಿದ್ದಾಗ ತಿಮ್ಮಕ್ಕ ತೆಂಗಿನ ತೋಟದ ದಾರಿಯಲ್ಲಿ ಓಡೋಡಿ ಬಂದರು. ಸೆರಗಿನಲ್ಲಿ ಮಗು.

"ಟೀಚರಮ್ಮ, ಮದ್ಯಾನ ಮಗಿನ ಹಣೆ ಮೇಲೆ ಏನೋ ಮಾಡುದ್ರಲ್ಲ, ಏನದು?"

"ನೊಣ ಕೂತಿತ್ತು ತಿಮ್ಮಕ್ಕ, ಓಡಿಸ್ದೆ."

"ನೊಣವಾ?" ಅವರ ಮುಖ ಸಪ್ಪಗಾಯಿತು. "ಆಗ್ಲಿಂದ ಮಗಿನ ಮೈ ಸುಡ್ತಾ ಐತೆ. ನಿಮ್ ದೇವ್ರಿಗೆ ಹೇಳಿ ಹರಸಿದ್ರೇನೋ, ಇನ್ನೊಂದ್ ಸಲಿ ಮಾಡ್ಸಣ ಅಂತ ಬಂದೆ. ಬುಡಿ."

ಅಷ್ಟರಲ್ಲಿ ಬಸ್ಸು ಬಂತು, ಹತ್ತಿಬಿಟ್ಟೆ. ಮಗುವಿನ ಹಣೆ ಮುಟ್ಟಿಯೂ ನೋಡಲಿಲ್ಲ.